ಸಾಲೋಟಗಿಯಿಂದ ನಿಂಬಾಳಕ್ಕೆ: ಒಂದು ತತ್ತ್ವಮೀಮಾಂಸೆಯ ಚರಿತ್ರೆ

ಶಾಲಿವಾಹನ ಶಕ 867ರಲ್ಲಿ, ಎಂದರೆ ಕ್ರಿಸ್ತಶಕ 945ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಮಾನ್ಯಖೇಟದ ಸಿಂಹಾಸನದಲ್ಲಿದ್ದು ದಕ್ಷಿಣಾಪಥವನ್ನೆಲ್ಲ ಆಳುತ್ತಿದ್ದಾಗ, ಆತನ ಮಂತ್ರಿಯಾದ ನಾರಾಯಣನೆಂಬವನು ಪಾವಿಟ್ಟಗೆಯೆಂಬ ಅಗ್ರಹಾರದಲ್ಲಿ ತ್ರಿಪುರುಷರ ಸನ್ನಿಧಿಯುಳ್ಳ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ಆ ಪಾವಿಟ್ಟಗೆಯೇ ಇಂದಿನ ಇಂಡಿ ತಾಲ್ಲೂಕಿನ ಸಾಲೋಟಗಿ. ನಾನಾ ಜನಪದಗಳಿಂದ ಬಂದು ನೆರೆದ ವಿದ್ಯಾರ್ಥಿಗಳ ವಸತಿಗಾಗಿ 27 ಮನೆಗಳು, ಅವರ ಯೋಗಕ್ಷೇಮಕ್ಕಾಗಿ 500 ನಿವರ್ತನ ಭೂಮಿ, ಉಪಾಧ್ಯಾಯನ ಜೀವಿತಕ್ಕಾಗಿ 50 ನಿವರ್ತನ, ದೀಪದ ವೆಚ್ಚಕ್ಕಾಗಿ 12 ನಿವರ್ತನ, ಹೀಗೆ ಒಂದೊಂದನ್ನೂ ಎಣಿಸಿ ಅಳೆದು ಕೊಟ್ಟುದನ್ನು ಅಲ್ಲಿಯ ಶಿಲಾಸ್ತಂಭವು ಸಾರುತ್ತದೆ. ಅಷ್ಟರಿಂದಲೂ ತೃಪ್ತರಾಗದ ಆ ಊರಿನ ಮಹಾಜನರು ತಮ್ಮ ಮನೆಗಳಲ್ಲಿ ಮದುವೆ ನಡೆದಾಗಲೆಲ್ಲ ಐದು ನಾಣ್ಯಗಳನ್ನೂ ಉಪನಯನವಾದಾಗ ಅದರರ್ಧವನ್ನೂ ಶಾಲೆಗೆ ಸಲ್ಲಿಸುವುದಾಗಿ ಕಟ್ಟು ಮಾಡಿಕೊಂಡರು.

ಈ ದಾನಗಳಲ್ಲೆಲ್ಲ ದೀಪದ ಭೂಮಿಯು ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆಯುತ್ತದೆ. ಜೋಳದ ಬೆಳೆಯನ್ನೇ ನಂಬಿದ, ಮಳೆ ತಪ್ಪಿದರೆ ಬಾಯಾರಿ ಬಿರಿಯುವ ಈ ಎರೆಯ ನಾಡಿನಲ್ಲಿ, ಇರುಳಿನ ಓದಿಗೂ ಪೂಜೆಗೂ ಎಣ್ಣೆ ಕಡಿಮೆಯಾಗಬಾರದೆಂದು ಹೊಲವನ್ನು ಬಿಟ್ಟುಕೊಟ್ಟವರು ವಿದ್ಯೆಯನ್ನು ಅಲಂಕಾರವೆಂದು ಬಗೆದವರಾಗಿರಲಾರರು. ಅಂದಿನ ಅಗ್ರಹಾರಗಳ ವಿದ್ಯಾಕ್ರಮದಲ್ಲಿ ವೇದ ವ್ಯಾಕರಣಗಳ ಮಗ್ಗುಲಲ್ಲಿಯೇ ನ್ಯಾಯ, ಸಾಂಖ್ಯ, ಮೀಮಾಂಸೆ, ವೇದಾಂತಗಳಿಗೆ ಸ್ಥಾನವಿದ್ದಿತು. ಶಬ್ದವು ನಿತ್ಯವೋ ಅನಿತ್ಯವೋ, ಕಾರ್ಯವು ತನ್ನ ಕಾರಣದಲ್ಲಿ ಮೊದಲೇ ಇರುವುದೋ ಹೊಸದಾಗಿ ಹುಟ್ಟುವುದೋ, ಅವಯವಗಳಿಂದ ಬೇರೆಯಾದ ಅವಯವಿಯೆಂಬುದೊಂದುಂಟೋ ಇಲ್ಲವೋ ಎಂಬ ವಾದಗಳು ಆ ಕಾಲದ ವಿದ್ಯಾರ್ಥಿಗಳ ನಿತ್ಯದ ಅಭ್ಯಾಸವಾಗಿದ್ದುವು. ಭೀಮೆ, ಡೋಣಿ, ಕೃಷ್ಣೆಗಳ ನಡುವಣ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳೆಂಬ ಈ ನಾಲ್ಕು ತಾಲ್ಲೂಕುಗಳನ್ನು ಬರಗಾಲದ ಪ್ರಾಂತವೆಂದು ಮಾತ್ರ ಬಲ್ಲವರು, ಇಲ್ಲಿ ಸಾವಿರ ವರ್ಷಗಳಿಂದ ತತ್ತ್ವವಿಚಾರದ ಬೆಳೆಯೊಂದು ಎಡೆಬಿಡದೆ ಬಂದಿದೆಯೆಂಬುದನ್ನು ಅರಿಯರು. ಆ ಚರಿತ್ರೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಇರುವುದೆಲ್ಲದರ ಇರವಿಗೆ ಆಧಾರವೇನು, ತೋರಿ ಅಡಗುವ ಈ ಪದಾರ್ಥಗಳ ಹಿಂದೆ ಅಡಗದೆ ನಿಲ್ಲುವ ಸತ್ತೆಯೊಂದುಂಟೆ, ಉಂಟಾದರೆ ಅದು ಏಕವೋ ಅನೇಕವೋ, ಜಡವೋ ಚೇತನವೋ, ಕಾರ್ಯಕಾರಣಗಳ ಪರಂಪರೆಗೆ ಮೊದಲುಂಟೆ, ಇವೆಲ್ಲವನ್ನೂ ಕೇಳುತ್ತಿರುವ ನಾನಾದರೂ ಯಾರು, ಎಂಬ ಪ್ರಶ್ನೆಗಳನ್ನು ತರ್ಕದ ಕಟ್ಟಿಗೊಳಪಡಿಸಿ ವಿಚಾರಿಸುವ ದರ್ಶನಶಾಖೆಯೇ ತತ್ತ್ವಮೀಮಾಂಸೆ. ಗ್ರೀಕರ ನಾಡಿನಲ್ಲಿ ಎಫೆಸಸ್ಸಿನ ಹೆರಾಕ್ಲೈಟಸನು ಸರ್ವವೂ ಪ್ರವಹಿಸುತ್ತಿದೆಯೆಂದನು. ಎಲಿಯದ ಪಾರ್ಮೆನಿಡೀಸನು ಬದಲಾವಣೆಯೆಂಬುದೇ ಭ್ರಾಂತಿ, ಇರುವುದು ಅಖಂಡವಾಗಿ ಅಚಲವಾಗಿ ಇದ್ದೇ ಇದೆಯೆಂದನು. ಇವರಿಬ್ಬರ ನಡುವಣ ವಿವಾದವನ್ನು ತೀರಿಸಹೊರಟ ಅರಿಸ್ಟಾಟಲನು, ಇರುವಿಕೆಯನ್ನು ಇರುವಿಕೆಯೆಂಬ ದೃಷ್ಟಿಯಿಂದಲೇ ನೋಡುವ ಶಾಸ್ತ್ರವೊಂದು ಮಿಕ್ಕೆಲ್ಲ ಶಾಸ್ತ್ರಗಳಿಗೂ ಮೊದಲನೆಯದೆಂದು ಸಾಧಿಸಿದನು. ಆತನ ಆ ಬರಹಗಳು 14 ಅಧ್ಯಾಯಗಳ ಗ್ರಂಥವಾಗಿ ಯುರೋಪಿನ ವಿದ್ಯಾಪೀಠಗಳನ್ನು ಶತಮಾನಗಳ ಕಾಲ ಆಳಿದುವು. ಕೊನೆಗೆ 1781ರಲ್ಲಿ ಜರ್ಮನಿಯ ಇಮ್ಯಾನುಯೆಲ್ ಕಾಂಟನು ತನ್ನ ಶುದ್ಧಬುದ್ಧಿಯ ವಿಮರ್ಶೆಯನ್ನು ಪ್ರಕಟಿಸಿ, ಆತ್ಮ, ಜಗತ್ತು, ಈಶ್ವರ ಎಂಬ ಈ ಮೂರರ ನಿಜಸ್ವರೂಪವನ್ನು ಮಾನವಬುದ್ಧಿಯು ಅನುಮಾನಬಲದಿಂದ ಅರಿಯಲಾರದೆಂದು ತೀರ್ಪು ಕೊಟ್ಟನು. ಈ ತೀರ್ಪನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ನಮ್ಮ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಉತ್ತರವನ್ನು ಮುಂದೆ ಹೇಳಲಿಕ್ಕಿದೆ.

ಸಾಲೋಟಗಿಯ ಶಾಲೆ ಏರ್ಪಟ್ಟ ಎರಡು ಶತಮಾನಗಳೊಳಗಾಗಿ, ಅಲ್ಲಿಂದ ದಕ್ಷಿಣಕ್ಕೆ ಬಹುದೂರವಲ್ಲದ ಇನ್ನೊಂದು ಅಗ್ರಹಾರದಲ್ಲಿ, ಬಾಗೇವಾಡಿಯಲ್ಲಿ, ಮಾದರಸ ಮಾದಲಾಂಬಿಕೆಯರ ಮಗನಾಗಿ ಬಸವಣ್ಣನವರು ಜನಿಸಿದರು. ಅವರು ಉಪನಯನವನ್ನು ಒಲ್ಲದೆ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ನಡೆದುದು, ಅಲ್ಲಿ ಅಧ್ಯಯನಗೈದುದು, ಮಂಗಳವೇಡೆಯಲ್ಲಿ ಬಿಜ್ಜಳನ ಸೇವೆಗೆ ಸೇರಿ ಕಲ್ಯಾಣದಲ್ಲಿ ಭಂಡಾರಿಯಾದುದು, ಇವೆಲ್ಲ ಕನ್ನಡದ ಮಕ್ಕಳೂ ಬಲ್ಲ ಸಂಗತಿಗಳು. ಕಲ್ಯಾಣದಲ್ಲಿ ಅವರು ನಡೆಸಿದುದನ್ನು ಸಮಾಜಕ್ರಾಂತಿಯೆಂದು ವರ್ಣಿಸುವವರು ಬಹುಮಂದಿ. ಆದರೆ ಆ ಕ್ರಾಂತಿಯ ಬೇರು ಒಂದು ತತ್ತ್ವಸಿದ್ಧಾಂತದಲ್ಲಿತ್ತೆಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳುವವರು ವಿರಳ. ಪರಶಿವನು ತನ್ನ ಶಕ್ತಿಯಿಂದಲೇ ಲಿಂಗವೆಂದೂ ಅಂಗವೆಂದೂ ಇಬ್ಬಗೆಯಾಗಿ ತೋರಿದನೆಂದಮೇಲೆ, ಅಂಗಗಳಲ್ಲಿ ಜನ್ಮದಿಂದ ಮೇಲುಕೀಳೆಂಬುದಕ್ಕೆ ನೆಲೆಯೇ ಉಳಿಯದು. ಸತ್ತೆಯ ಸ್ವರೂಪವನ್ನು ಕುರಿತ ನಿರ್ಣಯವು ಪಂಕ್ತಿಭೇದವನ್ನು ಕುರಿತ ನಿರ್ಣಯವಾಗಿ ಬಿಡುವುದನ್ನು ಇಷ್ಟು ನೇರವಾಗಿ ತೋರಿದ ಉದಾಹರಣೆಗಳು ಜಗತ್ತಿನ ದರ್ಶನಚರಿತ್ರೆಯಲ್ಲಿ ಹೆಚ್ಚಿಲ್ಲ. ಸಿಂದಗಿ ಸೀಮೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಬಟ್ಟೆಯನ್ನು ಮಡಿ ಮಾಡುವ ಕಾಯಕದಲ್ಲಿದ್ದುಕೊಂಡೇ ಕಲ್ಯಾಣದ ಶರಣರ ಅನುಭವಗೋಷ್ಠಿಯಲ್ಲಿ ಸಮಸ್ಥಾನವನ್ನು ಪಡೆದುದು ಈ ಸಿದ್ಧಾಂತದ ಫಲವೇ ಹೊರತು ಯಾರೊಬ್ಬರ ಔದಾರ್ಯದ ಫಲವಲ್ಲ. ಕಲ್ಯಾಣದ ಶರಣರು ಚದುರಿದ ಬಳಿಕ ಬಸವಣ್ಣನವರ ಧರ್ಮಪತ್ನಿ ನೀಲಮ್ಮನವರು ಐಕ್ಯರಾದುದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ. ಕೃಷ್ಣೆಯ ದಡದಲ್ಲಿರುವ ಅವರ ಸಮಾಧಿಗೆ ಈಗಲೂ ಜನ ನಡೆದುಕೊಳ್ಳುತ್ತಾರೆ.

ಆ ಗೋಷ್ಠಿಯ ಅಧ್ಯಕ್ಷರಾದ ಅಲ್ಲಮಪ್ರಭುಗಳ ನಿಲವನ್ನು ಪಾರ್ಮೆನಿಡೀಸನ ನಿಲವಿನೊಡನೆ ಇಟ್ಟು ನೋಡುವುದು ಈ ವಿಷಯದಲ್ಲಿ ಆಸ್ಥೆಯುಳ್ಳವರಿಗೆ ಬಹು ಪ್ರಯೋಜನಕಾರಿಯಾದುದು. ಇಲ್ಲದುದನ್ನು ನೆನೆಯಲೂ ಬಾರದು, ನುಡಿಯಲೂ ಬಾರದು, ಆದುದರಿಂದ ಇಲ್ಲವೆಂಬುದು ಇಲ್ಲವೇ ಇಲ್ಲವೆಂದು ವಾದಿಸಿದ ಗ್ರೀಕನು ಸತ್ತನ್ನು ನಾಲ್ಕು ಕಡೆಯಿಂದಲೂ ಭದ್ರವಾಗಿ ಮುಚ್ಚಿ ಪೂರ್ಣಗೋಲದಂತೆ ಮಾಡಿ ನಿಲ್ಲಿಸಿದನು. ಅಲ್ಲಮರಿಗಾದರೋ ಉಂಟೆಂಬುದೂ ಇಲ್ಲವೆಂಬುದೂ ಅರಿವಿನ ಹಂತಗಳು ಮಾತ್ರ. ಉಂಟೆನ್ನುವ ಅರಿಯುವವನೂ ಉಂಟೆನಿಸಿಕೊಂಡ ಅರಿಯಲ್ಪಟ್ಟುದೂ ಬೇರ್ಪಡುವ ಮೊದಲು ಇರುವ ನಿಲವೇ ಅವರ ಬಯಲು. ಬಯಲೆಂದರೆ ಅಭಾವವೆಂದು ತಿಳಿದವರು ಶೂನ್ಯಸಂಪಾದನೆಯನ್ನು ಓದಿಲ್ಲವೆಂದೇ ಹೇಳಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಆ ಗ್ರಂಥದಲ್ಲಿ, ಒಬ್ಬೊಬ್ಬ ಶರಣನೂ ತನ್ನ ಸಿದ್ಧಿಯೆಂದು ಎತ್ತಿ ತೋರಿದುದನ್ನು ಅಲ್ಲಮರು ಪ್ರಶ್ನಿಸಿ ಪ್ರಶ್ನಿಸಿ ಕಳಚಿಹಾಕುವ ಪರಿಯನ್ನು ಕಂಡರೆ, ಸಾಕ್ರೆಟೀಸನ ಸಂವಾದಗಳನ್ನೋದಿದವರಿಗೆ ಪರಿಚಿತವಾದ ಕಠೋರವಾದ ಪ್ರೀತಿಯು ಅಲ್ಲಿಯೂ ಕಾಣಿಸುವುದು. ಭೇದವಿಷ್ಟೆ: ಅಥೆನ್ಸಿನಲ್ಲಿ ಲಕ್ಷಣವು ತಪ್ಪಾದರೆ ವಾದವು ಸೋಲುತ್ತಿತ್ತು, ಇಲ್ಲಿ ನಡೆಯು ನುಡಿಗೆ ತಪ್ಪಿದರೆ ಸೋಲುತ್ತಿತ್ತು.

ಅಲ್ಲಿಂದ ಮುಂದಿನ ಶತಮಾನಗಳನ್ನು ಬೇಗನೆ ದಾಟಬಹುದು. ವಿಜಾಪುರದ ಆದಿಲಶಾಹಿ ರಾಜ್ಯವು ಏರಿತು. 1565ರಲ್ಲಿ ರಕ್ಕಸಗಿ ತಂಗಡಗಿಗಳ ಬಯಲಲ್ಲಿ ವಿಜಯನಗರದ ಸೇನೆ ಮುರಿಯಿತು. ವಿಜಾಪುರದ ಗುಡ್ಡಗಳ ಮೇಲೆ ನೆಲೆಸಿದ ಸೂಫಿ ಸಂತರು, ಇರುವಿಕೆಯೆಂಬುದು ಒಂದೇ ಎಂಬ ಇಬ್ನ್ ಅರಬಿಯ ಸಿದ್ಧಾಂತವನ್ನು ದಖನಿ ಮಾತಿನಲ್ಲಿ ಬೀಸುವ ಹೆಂಗಸರಿಗೂ ತಿಳಿಯುವಂತೆ ಹಾಡಿದರು. ಅರಸುಮನೆತನಗಳು ಅಳಿದುವು, ಪೇಶ್ವೆಗಳು ಬಂದು ಹೋದರು, ಇಂಗ್ಲಿಷರು ಬಂದರು. ಪ್ರಶ್ನೆ ಮಾತ್ರ ಉಳಿಯಿತು, ಮಠದಲ್ಲಿಯೂ ದರ್ಗಾದಲ್ಲಿಯೂ ಏಕತಾರಿಯ ಭಜನೆಯಲ್ಲಿಯೂ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪ್ರಶ್ನೆಯು ಮತ್ತೆ ಒಂದು ಸಂಪ್ರದಾಯದ ರೂಪವನ್ನು ತಾಳಿದುದು ನಿಂಬರಗಿಯಲ್ಲಿ. ಅಲ್ಲಿ ಬಾಳಿದ ಗುರುಲಿಂಗಜಂಗಮ ಮಹಾರಾಜರು, ಜನ ಕರೆಯುತ್ತಿದ್ದಂತೆ ನಿಂಬರಗಿ ಮಹಾರಾಜರು, ನೀಲಿಬಣ್ಣದ ಕಸುಬಿನ ಲಿಂಗವಂತ ಮನೆತನದವರು. ದೀರ್ಘಾಯುಷಿಗಳಾಗಿ ಬಾಳಿ 1885ರಲ್ಲಿ ದೇಹವಿಟ್ಟರು. ಸಂಸಾರವನ್ನು ಬಿಡಬೇಕಾಗಿಲ್ಲ, ಕಸುಬನ್ನು ಬಿಡಬೇಕಾಗಿಲ್ಲ, ಗುರುವಿತ್ತ ನಾಮವನ್ನು ಉಸಿರುಸಿರಿಗೆ ನೆನೆಯುತ್ತ ನೀತಿಯಿಂದ ನಡೆದರೆ ತತ್ತ್ವವು ತಾನಾಗಿ ತೋರುವುದೆಂಬುದು ಅವರ ಉಪದೇಶದ ಸಾರ. ಆ ಉಪದೇಶಗಳು ಬೋಧಸುಧೆಯೆಂಬ ಹೆಸರಿನಿಂದ ಕನ್ನಡದಲ್ಲಿ ಸಂಗ್ರಹವಾಗಿವೆ. ಅವರ ಶಿಷ್ಯರಾದ ಉಮದಿಯ ಭಾವುಸಾಹೇಬ ಮಹಾರಾಜರು, ಎಂದರೆ ವೆಂಕಟೇಶ ಖಂಡೇರಾವ ದೇಶಪಾಂಡೆಯವರು, 1843ರಲ್ಲಿ ಹುಟ್ಟಿದವರು. ಉಮದಿಯು ಇಂದು ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡದ್ದೇ ಆಗಿದೆ. ಅವರು ಇಂಡಿ ಸೀಮೆಯ ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿದರು. 1914ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಲಿಂಗವಂತ ಗುರುವಿಗೆ ಬ್ರಾಹ್ಮಣ ಶಿಷ್ಯ, ಕನ್ನಡ ಪದಕ್ಕೆ ಮರಾಠಿ ಅಭಂಗದ ಜೊತೆ, ಒಕ್ಕಲಿಗನ ಮಗ್ಗುಲಲ್ಲಿ ವಕೀಲ, ಹೀಗೆ ಇಂಚಗೇರಿಯ ಸಪ್ತಾಹಗಳಲ್ಲಿ ಯಾವ ಭೇದವೂ ಎಣಿಕೆಗೆ ಬರಲಿಲ್ಲ.

ಭಾವುಸಾಹೇಬರಿಂದ 1901ರಲ್ಲಿ ಜಮಖಂಡಿಯಲ್ಲಿ ನಾಮೋಪದೇಶವನ್ನು ಪಡೆದವರಲ್ಲಿ ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿಯಿದ್ದನು. 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆ ಎಂಬ ಆ ಹುಡುಗನು ಮರುವರ್ಷವೇ ಮೆಟ್ರಿಕ್ಯುಲೇಶನ್ನಿನಲ್ಲಿ ಸಂಸ್ಕೃತದ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನವನ್ನು ಗಳಿಸಿ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದನು. ನಡುವೆ ಪ್ರಾಣಾಂತಿಕವಾದ ಕಾಯಿಲೆ ಬಂದು ಓದು ಕೆಲವು ವರ್ಷ ನಿಂತಿತು. 1914ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಪದವಿ ದೊರೆತು ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕತ್ವ ಒದಗಿತು. ಅಲ್ಲಿದ್ದ ವರ್ಷಗಳಲ್ಲಿ ಅವರು ಬರೆದ ಪ್ರಬಂಧಗಳು ಹೆರಾಕ್ಲೈಟಸನನ್ನೂ, ಎಲಿಯದ ದಾರ್ಶನಿಕರ ಮೇಲೆ ಅರಿಸ್ಟಾಟಲನು ಮಾಡಿದ ಖಂಡನೆಯನ್ನೂ ಕುರಿತವು. ಗ್ರೀಕ್ ತತ್ತ್ವಮೀಮಾಂಸೆಯ ಮೊದಲ ವಿವಾದದೊಳಗೇ ಜಮಖಂಡಿಯ ತರುಣನೊಬ್ಬನು ಪ್ರವೇಶಿಸಿ ಅರಿಸ್ಟಾಟಲನನ್ನೇ ವಿಚಾರಣೆಗೆ ಗುರಿಪಡಿಸಿದನೆಂಬುದು ಸಾಮಾನ್ಯವಾದ ಮಾತಲ್ಲ. ಹಗಲು ಗ್ರೀಕರ ತರ್ಕ, ಉಳಿದ ಹೊತ್ತೆಲ್ಲ ಗುರುದತ್ತ ನಾಮ. ಒಂದನ್ನು ಮತ್ತೊಂದರ ಶತ್ರುವೆಂದು ಅವರು ಎಂದೂ ಬಗೆಯಲಿಲ್ಲ. 1924ರಲ್ಲಿ ಪುಣೆಯಲ್ಲಿ ತತ್ತ್ವಜ್ಞಾನ ಮತ್ತು ಧರ್ಮಗಳ ಪರಿಷತ್ತೊಂದನ್ನು ಸ್ಥಾಪಿಸಿದ ಅವರು, ಅದೇ ಸುಮಾರಿಗೆ ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ, ಹೋಟಗಿಯಿಂದ ವಿಜಾಪುರದ ಕಡೆಗೆ ಬರುವ ರೈಲುಮಾರ್ಗದ ಸ್ಟೇಷನ್ನಿನ ಬಳಿ, ಸ್ಥಿರವಾಗಿ ನೆಲೆಯೂರಿದರು.

1926ರಲ್ಲಿ ಪ್ರಕಟವಾದ ಅವರ ಉಪನಿಷತ್ತತ್ತ್ವದ ರಚನಾತ್ಮಕ ಸಮೀಕ್ಷೆಯು ಇಂಗ್ಲಿಷಿನಲ್ಲಿ ಬರೆದುದಾದರೂ ಅದರ ಜೀವವು ಈ ನೆಲದ್ದೇ. ಪರಮಸತ್ತೆಯ ಪ್ರಶ್ನೆಯನ್ನು ಉಪನಿಷದೃಷಿಗಳು ಮೂರು ದಾರಿಗಳಿಂದ ಸಮೀಪಿಸಿದರೆಂದು ಅದರಲ್ಲಿ ರಾನಡೆಯವರು ನಿರೂಪಿಸುವರು: ಹೊರಗಿನ ಜಗತ್ತನ್ನು ನೋಡುವ ಸೃಷ್ಟಿಮಾರ್ಗ, ಮೇಲಿನ ದೇವತೆಗಳನ್ನು ನೋಡುವ ದೈವಮಾರ್ಗ, ಒಳಗಿನ ಆತ್ಮವನ್ನು ನೋಡುವ ಮನೋಮಾರ್ಗ. ಪೃಥಿವ್ಯಾದಿ ಭೂತಗಳನ್ನು ಒಂದೊಂದಾಗಿ ವಿಚಾರಿಸಿ ಬಿಡುವುದು ಮೊದಲನೆಯದು. ದೇವತೆಗಳೆಷ್ಟೆಂದು ಶಾಕಲ್ಯನು ಮತ್ತೆ ಮತ್ತೆ ಕೇಳಲು ಯಾಜ್ಞವಲ್ಕ್ಯನು ಮೂರು ಸಾವಿರದ ಮುನ್ನೂರಾರರಿಂದ ಮೂವತ್ತಮೂರಕ್ಕೂ ಆರಕ್ಕೂ ಮೂರಕ್ಕೂ ಇಳಿದು ಕೊನೆಗೆ ಒಂದರಲ್ಲಿ ನಿಲ್ಲುವುದು ಎರಡನೆಯದು. ಮೂರನೆಯದಕ್ಕೆ ಛಾಂದೋಗ್ಯದ ಇಂದ್ರ ವಿರೋಚನರ ಕಥೆಯೇ ಪರಮ ದೃಷ್ಟಾಂತ. ಆತ್ಮವನ್ನರಿಯಬೇಕೆಂದು ಪ್ರಜಾಪತಿಯ ಬಳಿಗೆ ಬಂದ ಇಬ್ಬರೂ 32 ವರ್ಷ ಬ್ರಹ್ಮಚರ್ಯದಲ್ಲಿದ್ದು, ನೀರಿನ ಪಾತ್ರೆಯಲ್ಲಿ ಕಂಡ ತಮ್ಮ ದೇಹವೇ ಆತ್ಮವೆಂದು ಸಂತುಷ್ಟರಾದರು. ವಿರೋಚನನು ಅದನ್ನೇ ಹಿಡಿದು ಹೊರಟುಹೋದನು. ಇಂದ್ರನಿಗಾದರೆ ಅರ್ಧದಾರಿಯಲ್ಲಿ ಸಂಶಯ ಹುಟ್ಟಿತು, ದೇಹ ಕುರುಡಾದರೆ ಆತ್ಮವೂ ಕುರುಡಾಗುವುದಲ್ಲವೆ ಎಂದು. ಹಿಂದಿರುಗಿ ಬಂದು ಮತ್ತೆ 32 ವರ್ಷ, ಸ್ವಪ್ನದ ಆತ್ಮಕ್ಕೆ. ಮತ್ತೆ 32 ವರ್ಷ, ಸುಷುಪ್ತಿಯ ಆತ್ಮಕ್ಕೆ. ಅಲ್ಲಿಯೂ ತೃಪ್ತಿಯಿಲ್ಲದೆ ಇನ್ನೈದು ವರ್ಷ. ಹೀಗೆ 101 ವರ್ಷಗಳ ಕೊನೆಗೆ, ಅಶರೀರವಾದ ನಿಜಾತ್ಮನ ಉಪದೇಶವಾಯಿತು. ದೇವೇಂದ್ರನಂಥವನು ಒಂದು ಪ್ರಶ್ನೆಯ ಸಲುವಾಗಿ ಮೂರು ಬಾರಿ ಸೌದೆಯನ್ನು ಹೊತ್ತು ಗುರುವಿನ ಬಾಗಿಲಿಗೆ ಮರಳಿದನೆಂಬ ಈ ಕಥೆಯಲ್ಲಿ ತತ್ತ್ವಮೀಮಾಂಸೆಯ ಪದ್ಧತಿಯೆಲ್ಲ ಅಡಗಿದೆ: ಸಿದ್ಧಾಂತ, ಆಕ್ಷೇಪ, ಅದಕ್ಕಿಂತ ಸೂಕ್ಷ್ಮವಾದ ಸಿದ್ಧಾಂತ, ಮತ್ತೆ ಆಕ್ಷೇಪ.

ರಾನಡೆಯವರು ಎಣಿಸಿದ ಈ ಮೂರು ದಾರಿಗಳೂ ಕಾಂಟನು ಮುಚ್ಚಿದ ಮೂರು ಬಾಗಿಲುಗಳೂ ಒಂದೇ ಎಂಬುದನ್ನು ಇಲ್ಲಿ ಗಮನಿಸಬೇಕು: ಜಗತ್ತು, ಈಶ್ವರ, ಆತ್ಮ. ಅನುಮಾನದಿಂದ ಇವುಗಳ ನಿಜವನ್ನು ಮುಟ್ಟಲಾಗದೆಂಬ ಕಾಂಟನ ಮಾತನ್ನು ಅವರು ಬಲವಾಗಿ ಅಲ್ಲಗಳೆಯಲು ಹೋಗಲಿಲ್ಲ. ಉಪನಿಷತ್ತುಗಳೇ ತರ್ಕದಿಂದ ಆ ಮತಿಯು ದೊರೆಯದೆಂದು ಒಪ್ಪಿವೆಯಷ್ಟೆ. ಆದರೆ ಅನುಮಾನವೇ ಅರಿವಿನ ಕೊನೆಯ ಗಡಿಯೆಂಬುದನ್ನು ಅವರು ಒಪ್ಪಲಿಲ್ಲ. ಬುದ್ಧಿ, ಭಾವ, ಸಂಕಲ್ಪಗಳೆಂಬ ಮೂರಕ್ಕೂ ವಿರೋಧಿಯಾಗದೆ ಮೂರರ ಹಿಂದೆಯೂ ನಿಂತಿರುವ ಸಾಕ್ಷಾದ್ದರ್ಶನದ ಶಕ್ತಿಯೊಂದು ಮನುಷ್ಯನಲ್ಲಿದೆಯೆಂದೂ, ಅದು ಒಬ್ಬನ ಖಾಸಗಿ ಭ್ರಮೆಯೋ ಸತ್ಯವೋ ಎಂಬುದನ್ನು ದೇಶಕಾಲಗಳು ಬೇರೆಯಾದ ಅನೇಕ ಅನುಭಾವಿಗಳ ಸಾಕ್ಷ್ಯವನ್ನು ಒಂದರೊಡನೊಂದು ಹೋಲಿಸಿ ನಿರ್ಣಯಿಸಬಹುದೆಂದೂ ಅವರ ನಿಲವು. 1933ರ ಮಹಾರಾಷ್ಟ್ರದ ಅನುಭಾವವನ್ನು ಕುರಿತ ಗ್ರಂಥದಿಂದ ಮೊದಲಾಗಿ, ಹಿಂದಿಯ ಸಂತರನ್ನೂ ಕನ್ನಡದ ಶರಣ ದಾಸರನ್ನೂ ಕುರಿತು ಅವರು ಬರೆದುದೆಲ್ಲ ಈ ಸಾಕ್ಷ್ಯಸಂಗ್ರಹವೇ. ಈ ವಾದದಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ: ಅನುಭಾವಿಗಳ ಮಾತುಗಳು ಒಂದಾಗಿ ಕೇಳಿಸುವುದಕ್ಕೆ ಅವರ ಅನುಭವಗಳ ಐಕ್ಯವೇ ಕಾರಣವೋ, ಸಂಪ್ರದಾಯದ ಭಾಷೆಯ ಐಕ್ಯವು ಕಾರಣವೋ ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಅನುಭವವನ್ನು ಭಕ್ತಿಯ ಮರೆಯಲ್ಲಿ ಅಡಗಿಸದೆ ಪ್ರಮಾಣವಿಚಾರದ ಬಯಲಿಗೆ ತಂದುದು ಅವರ ದೊಡ್ಡ ಧೈರ್ಯ.

ರಾನಡೆಯವರ ಉಪನಿಷತ್ತತ್ತ್ವದ ಸಮೀಕ್ಷೆಯು ಕನ್ನಡಕ್ಕೆ ಬಂದ ಬಗೆಯೂ ಹೇಳತಕ್ಕದ್ದೇ. ರಾನಡೆಯವರು ಫರ್ಗ್ಯುಸನ್ನಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಧಾರವಾಡದಿಂದ ಅಲ್ಲಿಗೆ ಓದಲು ಹೋಗಿದ್ದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಅದನ್ನು ಉಪನಿಷದ್ರಹಸ್ಯವೆಂದು ಅನುವಾದಿಸಿದರು; 1928ರಲ್ಲಿ, ಮೂಲವು ಹೊರಬಂದ ಎರಡೇ ವರ್ಷಗಳಲ್ಲಿ. ಅದೇ ದಶಕದಲ್ಲಿ, 1923ರಲ್ಲಿ, ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿದ ತಾಳೆಗರಿಗಳಿಂದ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನು ತೆಗೆದರು. ಉಪನಿಷತ್ತಿನ ಮನೋಮಾರ್ಗ, ಕಲ್ಯಾಣದ ಬಯಲು, ಎರಡೂ ಹೀಗೆ ಆರು ವರ್ಷಗಳೊಳಗೆ ಕನ್ನಡದ ಸಾಮಾನ್ಯ ಓದುಗನ ಕೈಗೆ ಬಂದುವು. ಯಾವ ವಿಶ್ವವಿದ್ಯಾಲಯವೂ ಇಲ್ಲದಿದ್ದ ಒಂದು ಜಿಲ್ಲೆಯಲ್ಲಿ ಇಷ್ಟು ನಡೆಯಿತೆಂಬುದನ್ನು ನಾವು ಆಶ್ಚರ್ಯದಿಂದ ನೆನೆಯಬೇಕು.

ಆ ಜಿಲ್ಲೆಯ ಮಣ್ಣು ಇನ್ನೆಂತಹ ಫಲವನ್ನು ಕೊಟ್ಟಿತೆಂಬುದಕ್ಕೆ ಭೀಮಾತೀರದ ಸೀಮೆಯ ಹಲಸಂಗಿಯೇ ಸಾಕ್ಷಿ. 1903ರಲ್ಲಿ ಹುಟ್ಟಿದ ಚೆನ್ನಮಲ್ಲಪ್ಪನವರು, ನಾವು ಬಲ್ಲ ಮಧುರಚೆನ್ನರು, ಮುಲ್ಕಿ ಪರೀಕ್ಷೆಯಿಂದಾಚೆ ಶಾಲೆಯ ಓದನ್ನು ಕಂಡವರಲ್ಲ. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರೊಡನೆ ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಸಿ 1931ರಲ್ಲಿ ಗರತಿಯ ಹಾಡನ್ನು ಲೋಕಕ್ಕೆ ಕೊಟ್ಟವರೆಂದು ಅವರನ್ನು ಸಾಹಿತ್ಯಲೋಕವು ನೆನೆಯುತ್ತದೆ. ಆದರೆ ದೇವರಿರುವನೋ ಇಲ್ಲವೋ ಎಂಬ ಒಂದು ಪ್ರಶ್ನೆ ಅವರ ಯೌವನವನ್ನೆಲ್ಲ ತಿಂದುಹಾಕಿತು. ಅದನ್ನು ಪುಸ್ತಕದ ಉತ್ತರದಿಂದ ತೀರಿಸಿಕೊಳ್ಳಲೊಪ್ಪದೆ ತಮ್ಮ ಬಾಳನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿ, ಸಂಶಯದ ಹಾದಿ, ನಡುವಿರುಳಿನ ನಿರಾಶೆ, ಕೊನೆಯ ಶ್ರದ್ಧೆ ಎಂಬ ಮೂರು ಘಟ್ಟಗಳನ್ನು ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಗದ್ಯಕೃತಿಗಳಲ್ಲಿ ನಿಷ್ಠುರ ಪ್ರಾಮಾಣಿಕತೆಯಿಂದ ಬರೆದಿಟ್ಟರು. ಶ್ರೀ ಅರವಿಂದರ ದರ್ಶನದಲ್ಲಿ ಅವರ ಹುಡುಕಾಟವು ನೆಲೆ ಕಂಡಿತು. 1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನದಂದೇ, ಅವರು ತೀರಿಕೊಂಡರು. ಕನ್ನಡದಲ್ಲಿ ತತ್ತ್ವಸಂಶಯದ ಆತ್ಮಕಥೆಯೆಂದು ಕರೆಯಬಹುದಾದ ಗ್ರಂಥಗಳು ಬೆರಳೆಣಿಕೆಯಷ್ಟಿವೆ. ಇವು ಅವುಗಳಲ್ಲಿ ಅಗ್ರಗಣ್ಯವಾದವು.

ಇತ್ತ ಇಂಚಗೇರಿಯ ಸಂಪ್ರದಾಯದೊಳಗೆ ಒಂದು ವಿವಾದ ಬೆಳೆಯುತ್ತಿತ್ತು. ಸೊಲ್ಲಾಪುರ ಸೀಮೆಯಲ್ಲಿ 1888ರಲ್ಲಿ ಹುಟ್ಟಿ, ವಿಜಾಪುರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಬಂದು, ಭಾವುಸಾಹೇಬರ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು, ಗುರುಗಳ ನಿರ್ಯಾಣದ ಬಳಿಕ ಅನೇಕ ವರ್ಷ ಧ್ಯಾನದಲ್ಲಿ ನಿರತರಾಗಿದ್ದು, ಧ್ಯಾನವನ್ನೂ ಮೀರಿ ವಿಚಾರದಿಂದಲೇ ಆತ್ಮವನ್ನು ಮುಟ್ಟಬಹುದೆಂದು ಸಾರತೊಡಗಿದರು. ನಾಮಸ್ಮರಣೆಯ ದೀರ್ಘಸಾಧನೆ ಪಿಪೀಲಿಕಾಮಾರ್ಗ, ಇರುವೆಯು ಮರವನ್ನೇರಿದಂತೆ. ಸ್ಥೂಲ, ಸೂಕ್ಷ್ಮ, ಕಾರಣ, ಮಹಾಕಾರಣ ದೇಹಗಳನ್ನು ಒಂದೊಂದಾಗಿ ವಿವೇಚಿಸಿ ನಾನಿದಲ್ಲವೆಂದು ಬಿಡುತ್ತ ಹೋಗುವುದು ವಿಹಂಗಮಾರ್ಗ, ಹಕ್ಕಿಯು ಹಾರಿದಂತೆ. ಗುರುಬಂಧುಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಗುರುವು ತೋರಿದ ದಾರಿಗೆ ಮತ್ತೊಂದನ್ನು ಕೂಡಿಸುವುದು ಸಲ್ಲದೆಂಬುದು ಅವರ ಮತ. ಮೇಲುನೋಟಕ್ಕೆ ಮಠದ ಜಗಳದಂತೆ ತೋರುವ ಈ ಭೇದವು ನಿಜದಲ್ಲಿ ಅರಿವಿನ ಸಾಧನವೇನೆಂಬ ಹಳೆಯ ಪ್ರಶ್ನೆಯೇ ಆಗಿದೆ. 1936ರಲ್ಲಿ ಸಿದ್ಧರಾಮೇಶ್ವರರು ದೇಹವಿಟ್ಟರು. ಮುಂಬಯಿಯಲ್ಲಿ ಬೀಡಿಯಂಗಡಿ ಇಟ್ಟುಕೊಂಡಿದ್ದ ಅವರ ಶಿಷ್ಯ ನಿಸರ್ಗದತ್ತ ಮಹಾರಾಜರ ಸಂವಾದಗಳು 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಮೇಲೆ, ಇಂಚಗೇರಿಯೆಂಬ ಹೆಸರು ಯುರೋಪು ಅಮೆರಿಕೆಗಳ ಜಿಜ್ಞಾಸುಗಳ ಬಾಯಿಗೂ ಬಂದಿತು.

ರಾನಡೆಯವರು 1920ರ ದಶಕದ ಕೊನೆಯಿಂದ ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು 1946ರಲ್ಲಿ ನಿವೃತ್ತರಾದರು. ಆ ಅವಧಿಯಲ್ಲೆಲ್ಲ ರಜೆ ಬಂದೊಡನೆ ಅವರು ಹಿಂದಿರುಗುತ್ತಿದ್ದುದು ನಿಂಬಾಳಕ್ಕೇ. ಅವರ ಸುತ್ತ ಕೂಡುತ್ತಿದ್ದವರಲ್ಲಿ ಕಾಲೇಜಿನ ಪ್ರಾಧ್ಯಾಪಕರಿದ್ದರು, ಹೊಲದಿಂದ ನೇರವಾಗಿ ಬಂದ ರೈತರಿದ್ದರು. ಭಜನೆಯೂ ನಡೆಯುತ್ತಿತ್ತು, ಗ್ರಂಥವಾಚನವೂ ನಡೆಯುತ್ತಿತ್ತು. ಅದೇ ಕಾಲದಲ್ಲಿ ವಿಯೆನ್ನಾ ನಗರದಲ್ಲಿ ಸೇರುತ್ತಿದ್ದ ಇನ್ನೊಂದು ವಿದ್ವನ್ಮಂಡಲಿಯು, ಇಂದ್ರಿಯಗಳಿಂದ ಪರೀಕ್ಷಿಸಲಾಗದ ತತ್ತ್ವಮೀಮಾಂಸೆಯ ವಾಕ್ಯಗಳಿಗೆ ಅರ್ಥವೇ ಇಲ್ಲವೆಂದು ಸಾರಿತು. 1932ರಲ್ಲಿ ರುಡಾಲ್ಫ್ ಕಾರ್ನಾಪನು ಅದನ್ನೇ ಪ್ರಬಂಧವಾಗಿ ಪ್ರಕಟಿಸಿದನು. ಮರುವರ್ಷ ರಾನಡೆಯವರ ಅನುಭಾವಗ್ರಂಥ ಹೊರಬಂದಿತು. ವಿಯೆನ್ನಾದವರು ಅನುಭವವೇ ಪ್ರಮಾಣವೆಂದರು. ನಿಂಬಾಳದವರೂ ಅನುಭವವೇ ಪ್ರಮಾಣವೆಂದರು. ಅನುಭವದ ಎಲ್ಲೆಯನ್ನು ಕಣ್ಣು ಕಿವಿಗಳಲ್ಲಿಯೇ ಹಾಕಬೇಕೋ ಬೇಡವೋ ಎಂಬುದರಲ್ಲಿಯೇ ಭೇದವೆಲ್ಲ. ಆ ಎಲ್ಲೆಯನ್ನು ಕಣ್ಣು ಕಿವಿಗಳಲ್ಲಿ ಹಾಕಿದವರು ಅದಕ್ಕೆ ಕೊಟ್ಟ ಕಾರಣಗಳು ಸಾಲವೆಂದೇ ನನ್ನ ನಂಬಿಕೆ. ಪರೀಕ್ಷಿಸಲಾಗದ ವಾಕ್ಯಕ್ಕೆ ಅರ್ಥವಿಲ್ಲವೆಂಬ ಅವರ ಸೂತ್ರವನ್ನೇ ಇಂದ್ರಿಯಗಳಿಂದ ಪರೀಕ್ಷಿಸಲು ಬಾರದೆಂಬ ಆಕ್ಷೇಪಕ್ಕೆ ಅವರು ಕೊನೆಯವರೆಗೂ ಸಮರ್ಪಕವಾದ ಉತ್ತರವನ್ನು ಕೊಡಲಿಲ್ಲ.

1957ರ ಜೂನ್ 6ರಂದು ನಿಂಬಾಳದಲ್ಲಿ ರಾನಡೆಯವರು ದೇಹವಿಟ್ಟರು. ಕನ್ನಡ ಸಾಹಿತ್ಯದಲ್ಲಿ ಪರಮಾರ್ಥಪಥವನ್ನು ಕುರಿತ ಅವರ ಗ್ರಂಥವು ಮೂರು ವರ್ಷಗಳ ಬಳಿಕ, 1960ರಲ್ಲಿ, ಪ್ರಕಟವಾಯಿತು. ನಮ್ಮ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರವನ್ನು ಕಲಿಯುವವರು ಪಾರ್ಮೆನಿಡೀಸನಿಂದ ಆರಂಭಿಸಿ ಕಾಂಟನಲ್ಲಿ ಮುಗಿಸುವರು. ನಡುವೆ ಶಂಕರ ರಾಮಾನುಜ ಮಧ್ವರಿಗೆ ಒಂದಿಷ್ಟು ಸ್ಥಳ ದೊರೆಯುವುದು. ಅಲ್ಲಮರು ಸಾಹಿತ್ಯದ ಪಾಠವಾಗಿಯೂ, ಮಧುರಚೆನ್ನರು ಜಾನಪದದ ಪಾಠವಾಗಿಯೂ, ರಾನಡೆಯವರು ಸಂತಚರಿತ್ರೆಯ ಪಾಠವಾಗಿಯೂ ಹಂಚಿಹೋಗಿ, ಒಂದೇ ಪ್ರಶ್ನೆಯನ್ನು ಹಿಡಿದು ನಡೆದ ಒಂದೇ ಪರಂಪರೆಯವರೆಂಬುದು ವಿದ್ಯಾರ್ಥಿಗೆ ತಿಳಿಯದೆ ಹೋಗುತ್ತಿದೆ. ವಿಜಾಪುರ, ಧಾರವಾಡ, ಕಲಬುರ್ಗಿಗಳ ತತ್ತ್ವಶಾಸ್ತ್ರದ ಅಧ್ಯಾಪಕರು ಇವರನ್ನು ಒಂದೇ ಪಾಠಕ್ರಮದಲ್ಲಿ ಸೇರಿಸಿ ಕಲಿಸಬೇಕು. ಬೇಂದ್ರೆಯವರ ಉಪನಿಷದ್ರಹಸ್ಯವನ್ನೂ ಮಧುರಚೆನ್ನರ ಮೂರು ಗದ್ಯಕೃತಿಗಳನ್ನೂ ಪ್ರತಿಯೊಬ್ಬ ವಿದ್ಯಾರ್ಥಿಗೂ ಸುಲಭವಾಗಿ ದೊರಕುವಂತೆ ಅಚ್ಚಿನಲ್ಲಿಡುವ ಹೊಣೆಯನ್ನು ಕನ್ನಡದ ಪ್ರಕಾಶಕರು ಹೊರಬೇಕು.